ಜನ ತುಂಬಿದ ಚರ್ಚಿಗೆ ಯಾವ ಬೀಗ, ಯಾವ ಕಾವಲು?

ಬೆಂಗಳೂರಿನ ಒಂದು ದೊಡ್ಡ ಧರ್ಮಕೇಂದ್ರದ ಭಾನುವಾರ ಹೇಗಿರುತ್ತದೆ ನೋಡಿ. ಬೆಳಗಿನ ಐದೂವರೆಗೆ ಯಾರೋ ಬಂದು ಗೇಟ್ ತೆಗೆಯಬೇಕು. ಆರಕ್ಕೆ ತಮಿಳು ಬಲಿಪೂಜೆ (ಮಾಸ್), ಏಳೂವರೆಗೆ ಕನ್ನಡ, ಒಂಬತ್ತಕ್ಕೆ ಇಂಗ್ಲಿಷ್. ನಡುವೆ ಮಕ್ಕಳ ಧರ್ಮೋಪದೇಶ ತರಗತಿ. ಹನ್ನೊಂದಕ್ಕೆ ಜ್ಞಾನಸ್ನಾನ. ಮಧ್ಯಾಹ್ನ ಹಾಲ್‌ನಲ್ಲಿ ಮದುವೆ ಊಟ, ಹಿಂದಿನ ಗೇಟಿನಲ್ಲಿ ಅಡುಗೆಯವರ ಟೆಂಪೊ. ಸಂಜೆ ಗಾಯನ ಮಂಡಳಿಯ ಅಭ್ಯಾಸ, ಆಮೇಲೆ ಯುವಜನರ ಸಭೆ. ಇವರೆಲ್ಲರಿಗೂ ಒಂದಲ್ಲ ಒಂದು ಬಾಗಿಲು ತೆರೆದಿರಬೇಕು. ರಾತ್ರಿ ಕೊನೆಗೆ ಹೋಗುವವರು ಯಾರು, ಬೀಗ ಹಾಕಿದ್ದು ಯಾರು ಎಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳುತ್ತಾರೆ.

ಇಂಥ ಕಟ್ಟಡಕ್ಕೆ ಭದ್ರತೆ ಬೇಕು ಎಂದು ಪಾಲನಾ ಮಂಡಳಿಯ ಸಭೆಯಲ್ಲಿ ಮಾತು ಬಂದ ಕೂಡಲೇ ಯಾರಾದರೂ ಒಬ್ಬ ಡೀಲರ್‌ನ ನಂಬರ್ ಕೊಡುತ್ತಾರೆ. ಅವರು ಬಂದು ಐಟಿ ಕಂಪನಿಗೆ ಹಾಕಿದ್ದನ್ನೇ ಚರ್ಚಿಗೂ ಹೇಳುತ್ತಾರೆ. ಎಲ್ಲ ಬಾಗಿಲಿಗೂ ಕಾರ್ಡ್, ಎಲ್ಲ ಮೂಲೆಗೂ ಕ್ಯಾಮೆರಾ. ಆದರೆ ಕಂಪನಿಯ ಬಾಗಿಲಿನ ಕೆಲಸ ಹೊರಗಿನವರನ್ನು ತಡೆಯುವುದು. ಚರ್ಚಿನ ಬಾಗಿಲಿನ ಕೆಲಸ ಒಳಗೆ ಕರೆಯುವುದು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲೇ ಇದು ಬರೆದಿದೆ. ಪೂಜೆಯ ಹೊತ್ತಿನಲ್ಲಿ ಚರ್ಚಿಗೆ ಪ್ರವೇಶ ಮುಕ್ತವಾಗಿರಬೇಕು, ಉಚಿತವಾಗಿರಬೇಕು ಎನ್ನುತ್ತದೆ 1221ನೇ ವಿಧಿ. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಇರಿಸಿದ ಚರ್ಚು, ಗಂಭೀರ ಕಾರಣವಿಲ್ಲದಿದ್ದರೆ, ದಿನಕ್ಕೆ ಕೆಲವು ಗಂಟೆಯಾದರೂ ಪ್ರಾರ್ಥನೆಗೆ ತೆರೆದಿರಬೇಕು ಎನ್ನುತ್ತದೆ 937ನೇ ವಿಧಿ. ಅದೇ ಸಂಹಿತೆಯ 1220ನೇ ವಿಧಿ ಪವಿತ್ರ ವಸ್ತುಗಳನ್ನೂ ಬೆಲೆಬಾಳುವ ವಸ್ತುಗಳನ್ನೂ ಕಾಪಾಡಲು ಸರಿಯಾದ ಏರ್ಪಾಡು ಮಾಡಿ ಎಂದೂ ಹೇಳುತ್ತದೆ. ತೆರೆದೂ ಇಡಬೇಕು, ಕಾಪಾಡಲೂ ಬೇಕು. ಸಿಎಸ್‌ಐ, ಮೆಥಡಿಸ್ಟ್ ಮುಂತಾದ ಪ್ರೊಟೆಸ್ಟಂಟ್ ಸಭೆಗಳಿಗೆ ಈ ಸಂಹಿತೆ ಅನ್ವಯಿಸುವುದಿಲ್ಲ, ಆದರೆ ಅಲ್ಲೂ ಕಷ್ಟ ಇದೇ.

ಹಾಗಾಗಿ ಬೀಗ ನೋಡುವ ಮೊದಲು ಬಾಗಿಲು ನೋಡಿ. ಒಂದು ಹಾಳೆ ಹಿಡಿದು ಕಾಂಪೌಂಡ್ ಸುತ್ತಿ, ಎಲ್ಲ ಬಾಗಿಲುಗಳನ್ನೂ ಬರೆದುಕೊಳ್ಳಿ. ಆಮೇಲೆ ಮೂರು ಗುಂಪು ಮಾಡಿ. ಎಲ್ಲರೂ ಬರುವ ಜಾಗ: ಚರ್ಚಿನ ಒಳಗು, ಗ್ರೊಟ್ಟೊ (ಮಾತೆ ಮರಿಯಳ ಗುಹೆಯಂಥ ಗುಡಿ), ಅಂಗಳ. ಗೊತ್ತಿರುವ ಗುಂಪುಗಳು ಬರುವ ಜಾಗ: ಹಾಲ್, ತರಗತಿ ಕೋಣೆ, ಗಾಯನ ಮಂಡಳಿಯ ಮಹಡಿ, ಅಡುಗೆಮನೆ. ಕೆಲವೇ ಜನರು ಹೋಗಬೇಕಾದ ಜಾಗ: ಸ್ಯಾಕ್ರಿಸ್ಟಿ (ಪೂಜೆಯ ಪಾತ್ರೆ, ಉಡುಪು ಇಡುವ ಕೋಣೆ), ಕಚೇರಿ, ದಾಖಲೆ ಪುಸ್ತಕಗಳ ಕಪಾಟು, ಸೌಂಡ್ ಸಿಸ್ಟಂ ಇರುವ ಕೋಣೆ, ಗಂಟೆ ಗೋಪುರದ ಮೆಟ್ಟಿಲು. ಒಂದೊಂದು ಗುಂಪಿಗೂ ಬೇರೆ ಉತ್ತರ ಇದೆ. ಮೊದಲನೆಯದನ್ನು ಕಾಯುವುದು ಜನರು. ಮೂರನೆಯದಕ್ಕೆ ಒಳ್ಳೆಯ ಬೀಗ ಸಾಕು. ತಲೆನೋವು ನಡುವಿನದು, ದುಡ್ಡು ಸುಮ್ನೆ ಹಾಳಾಗುವುದೂ ಅಲ್ಲೇ.

ಬೀಗಗಳನ್ನು ಹೋಲಿಸುವ ಬಗೆ

ಎಷ್ಟು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ: ಕೊಟ್ಟ ಪ್ರವೇಶವನ್ನು ವಾಪಸ್ ಪಡೆಯುವುದು ಎಷ್ಟು ಸುಲಭ? ಚರ್ಚಿನಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಗಾಯನ ಮಂಡಳಿಯ ಹುಡುಗ ಕೆಲಸಕ್ಕೆ ಕೆನಡಾಗೆ ಹೋಗುತ್ತಾನೆ. ಧರ್ಮೋಪದೇಶದ ಟೀಚರ್ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಸಮಿತಿಯ ಅವಧಿ ಮುಗಿದು ಹೊಸಬರು ಬರುತ್ತಾರೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅವರ ಹತ್ತಿರ ಇದ್ದ ಕೀ ಎಲ್ಲಿ ಹೋಯಿತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಹಾಲ್‌ನ ಕೀ ಊರಲ್ಲಿ ಎಷ್ಟಿವೆ ಎನ್ನುವುದು ದೇವರಿಗೇ ಗೊತ್ತು.

ಸಾಮಾನ್ಯ ಬೀಗ ಮತ್ತು ಕೀ. ಗೋದ್ರೆಜ್ ನವ್‌ತಾಲ್ ತರದ ಲಿವರ್ ಬೀಗ ನಮ್ಮಲ್ಲಿ ಎಲ್ಲ ಚರ್ಚುಗಳಲ್ಲೂ ಇರುತ್ತದೆ. ಅಗ್ಗ, ಗಟ್ಟಿ, ಕರೆಂಟ್ ಬೇಡ, ಮಳೆಗಾಲದಲ್ಲಿ ಎರಡು ಹನಿ ಎಣ್ಣೆ ಬಿಟ್ಟರೆ ಮುಗಿಯಿತು. ಲಿವರ್ ಜಾಸ್ತಿ ಇದ್ದಷ್ಟೂ ಬೇರೆ ಕೀ ಹಾಕಿ ತೆಗೆಯುವುದು ಕಷ್ಟ. ಇದರ ದೋಷ ಬೀಗದಲ್ಲಿಲ್ಲ, ಕೀಯಲ್ಲಿದೆ. ರಸ್ತೆ ಬದಿಯ ಅಂಗಡಿಯಲ್ಲಿ ಕೆಲವೇ ನಿಮಿಷಕ್ಕೆ ಡೂಪ್ಲಿಕೇಟ್ ಆಗುತ್ತದೆ. ಒಂದು ಕೀ ಕಳೆದರೆ ಇಡೀ ಬೀಗ ಬದಲಿಸಬೇಕು. ದಿನಾ ಒಬ್ಬಿಬ್ಬರೇ ತೆಗೆಯುವ ಬಾಗಿಲಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಇಪ್ಪತ್ತು ಜನ ತೆಗೆಯುವ ಬಾಗಿಲಿಗೆ ಇದು ಬೇಡ.

ಡಿಂಪಲ್ ಕೀ ಮತ್ತು ಮಾಸ್ಟರ್ ಕೀ. ಚಪ್ಪಟೆ ಕೀಯ ಮೈಮೇಲೆ ಸಣ್ಣ ಗುಳಿಗಳಿರುತ್ತವಲ್ಲ, ಅದು ಡಿಂಪಲ್ ಕೀ. ಇದರಲ್ಲಿ ಕೆಲವು ಮಾದರಿಗಳಿಗೆ ಬೀಗದ ಜೊತೆ ಒಂದು ಕಾರ್ಡ್ ಕೊಡುತ್ತಾರೆ. ಆ ಕಾರ್ಡ್ ತೋರಿಸಿದರೆ ಮಾತ್ರ ಕಂಪನಿ ಹೊಸ ಕೀ ಮಾಡಿಕೊಡುತ್ತದೆ. ಕಾರ್ಡ್ ಫಾದರ್ ಅವರ ಕಪಾಟಿನಲ್ಲಿದ್ದರೆ ಗುಟ್ಟಾಗಿ ಡೂಪ್ಲಿಕೇಟ್ ಮಾಡಿಸುವುದು ತುಂಬಾ ಕಷ್ಟ. ಇದನ್ನೇ ಮಾಸ್ಟರ್ ಕೀ ವ್ಯವಸ್ಥೆಯಾಗಿಯೂ ಮಾಡಿಸಬಹುದು. ಧರ್ಮಗುರುಗಳ ಒಂದು ಕೀ ಎಲ್ಲವನ್ನೂ ತೆಗೆಯುತ್ತದೆ, ಗಾಯನ ಮಂಡಳಿಯ ಕೀ ಅವರ ಕೋಣೆಯನ್ನು ಮಾತ್ರ. ಕೇಳಲು ಚೆಂದ. ಆದರೆ ಆ ಮಾಸ್ಟರ್ ಕೀ ಕಳೆದ ದಿನ ಎಲ್ಲ ಬೀಗವೂ ಹೋದಂತೆ. ನನ್ನ ಮಾತು ಕೇಳುವುದಾದರೆ ಸ್ಯಾಕ್ರಿಸ್ಟಿ ಮತ್ತು ಕಚೇರಿಯನ್ನು ಮಾಸ್ಟರ್‌ನಿಂದ ಹೊರಗಿಡಿ. ಆ ಎರಡಕ್ಕೆ ಬೇರೆ ಕೀ ಇರಲಿ.

ನಂಬರ್ ಲಾಕ್. ಗುಂಪುಗಳು ಬಂದು ಹೋಗುವ ಹಾಲ್‌ಗೆ, ತರಗತಿ ಕೋಣೆಗೆ ನನಗೆ ಹೆಚ್ಚು ಇಷ್ಟವಾಗುವುದು ಇದು. ಪೆನ್ಸಿಲ್ ಸೆಲ್‌ನಲ್ಲಿ ನಡೆಯುವ ಡಿಜಿಟಲ್ ಲಾಕ್‌ಗೆ ವೈರಿಂಗ್ ಬೇಡ. ಒಂದೊಂದು ಗುಂಪಿಗೂ ಬೇರೆ ಬೇರೆ ಕೋಡ್ ಕೊಡಬಹುದು. ಯುವಜನರ ಸಮಿತಿ ಬದಲಾಯಿತೇ? ಅವರ ಕೋಡ್ ಒಂದನ್ನೇ ಅಳಿಸಿ, ಹೊಸದು ಕೊಟ್ಟರಾಯಿತು. ಮದುವೆಗೆ ಹಾಲ್ ತೆಗೆದುಕೊಂಡವರಿಗೆ ಒಂದೇ ದಿನದ ಕೋಡ್ ಕೊಡುವ ಸೌಲಭ್ಯವೂ ಕೆಲವು ಮಾದರಿಗಳಲ್ಲಿದೆ. ಕೊಳ್ಳುವಾಗ ಮೂರು ಸಂಗತಿ ನೋಡಿ. ಸೆಲ್ ಪೂರ್ತಿ ಮುಗಿದರೆ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ಅಥವಾ ಯುಎಸ್‌ಬಿ ಕೇಬಲ್ ಮುಟ್ಟಿಸಿ ತೆಗೆಯಲು ಬರಬೇಕು. ಮಾಮೂಲಿ ಕೀ ಕೂಡ ಇರಬೇಕು. ಒಳಗಿನಿಂದ ಹಿಡಿಕೆ ಒತ್ತಿದರೆ ಯಾವ ಕೋಡೂ ಇಲ್ಲದೆ ಬಾಗಿಲು ತೆರೆಯಬೇಕು. ದೋಷ ಏನೆಂದರೆ ಕೋಡ್ ಬಾಯಿಂದ ಬಾಯಿಗೆ ಹೋಗುತ್ತದೆ, ವಾಟ್ಸ್ಆ್ಯಪ್ ಗ್ರೂಪ್‌ಗೂ ಬೀಳುತ್ತದೆ. ವರ್ಷಕ್ಕೆ ಎರಡು ಸಲ, ಪಾಸ್ಕ ಹಬ್ಬ (ಈಸ್ಟರ್) ಮತ್ತು ಕ್ರಿಸ್ಮಸ್ ಮುಗಿದ ವಾರ, ಎಲ್ಲ ಕೋಡ್‌ಗಳನ್ನೂ ಬದಲಿಸುವ ಪದ್ಧತಿ ಇಟ್ಟುಕೊಂಡರೆ ಈ ತೊಂದರೆ ಹತೋಟಿಗೆ ಬರುತ್ತದೆ.

ಕಾರ್ಡ್ ಅಥವಾ ಕೀಚೈನ್‌ನ ಟ್ಯಾಗ್. ಬಾಗಿಲ ಪಕ್ಕದ ರೀಡರ್‌ಗೆ ಹಿಡಿದರೆ ಬಾಗಿಲು ತೆರೆಯುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು ಎಂಬ ಲೆಕ್ಕ ಸಿಗುತ್ತದೆ. ಕಾರ್ಡ್ ಕಳೆದರೆ ಅದೊಂದನ್ನೇ ರದ್ದು ಮಾಡಬಹುದು. ವಾಪಸ್ ಪಡೆಯುವ ವಿಷಯದಲ್ಲಿ ಇದೇ ಮೊದಲ ಸ್ಥಾನದಲ್ಲಿದೆ. ಆದರೆ ಇಲ್ಲಿ ಎರಡು ಕಡೆ ಎಡವುತ್ತಾರೆ.

ಒಂದು, ಕಾರ್ಡಿನ ಜಾತಿ. ಅಗ್ಗದ ಸೆಟ್‌ಗಳಲ್ಲಿ ಬರುವ 125 ಕಿಲೋಹರ್ಟ್ಸ್‌ನ ಕಾರ್ಡನ್ನು ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರದಿಂದ ನಕಲು ಮಾಡಬಹುದು. ರಸ್ತೆ ಬದಿಯ ಡೂಪ್ಲಿಕೇಟ್ ಕೀಗಿಂತ ಇದೇನೂ ಭದ್ರವಲ್ಲ. 13.56 ಮೆಗಾಹರ್ಟ್ಸ್‌ನದ್ದು ಕೊಡಿ ಎಂದರೆ ಮೈಫೇರ್ ಕ್ಲಾಸಿಕ್ ಎಂಬ ಹಳೆಯ ಮಾದರಿಯ ಕಾರ್ಡ್ ಕೊಡುತ್ತಾರೆ. ಅದರ ಗುಟ್ಟು 2008ರಲ್ಲೇ ಬಯಲಾಗಿದೆ. ನಕಲು ಮಾಡಲು ಕಷ್ಟವಾದ ಡೆಸ್‌ಫೈರ್ ಕಾರ್ಡ್ ಬೇಕು ಎಂದು ಹೆಸರು ಹಿಡಿದು ಕೇಳಿ, ಕೊಟೇಶನ್‌ನಲ್ಲೂ ಬರೆಸಿಕೊಳ್ಳಿ.

ಎರಡು, ಕರೆಂಟ್ ಹೋದಾಗ ಏನಾಗುತ್ತದೆ ಎನ್ನುವುದು. ಬಾಗಿಲ ಮೇಲೆ ಉದ್ದನೆಯ ಪಟ್ಟಿಯ ಹಾಗೆ ಕೂರಿಸುವ ಮ್ಯಾಗ್ನೆಟ್ ಲಾಕ್‌ಗೆ ಯಾವಾಗಲೂ ಕರೆಂಟ್ ಬೇಕು. ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಬಾಗಿಲು ತಾನೇ ಬಿಟ್ಟುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಹೊರಗೆ ಓಡಲು ಇದು ಒಳ್ಳೆಯದೇ. ಆದರೆ ಪಾನಪಾತ್ರೆ, ಕಾಣಿಕೆ ಹಣ ಇರುವ ಕೋಣೆಗೆ ಒಳ್ಳೆಯದಲ್ಲ. ಅಂಥ ಕಡೆ ಚೌಕಟ್ಟಿನಲ್ಲಿ ಕೂತು ಬೀಗದ ನಾಲಿಗೆಯನ್ನು ಹಿಡಿದಿಡುವ ಎಲೆಕ್ಟ್ರಿಕ್ ಸ್ಟ್ರೈಕ್, ಅದರಲ್ಲೂ ‘ಫೇಲ್ ಸೆಕ್ಯೂರ್’ ಮಾದರಿಯದ್ದನ್ನೇ ಹಾಕಿಸಬೇಕು. ಅದು ಕರೆಂಟ್ ಹೋದರೂ ಹೊರಗಿನಿಂದ ಬೀಗ ಹಾಕಿದಂತೆಯೇ ಇರುತ್ತದೆ, ಒಳಗಿರುವವರು ಹಿಡಿಕೆ ತಿರುಗಿಸಿ ಹೊರಬರಬಹುದು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದ ಮಲೆನಾಡಿನ, ಕರಾವಳಿಯ ಇಗರ್ಜಿಗಳಲ್ಲಿ ಈ ಒಂದು ಪ್ರಶ್ನೆಯೇ ಆಯ್ಕೆಯನ್ನು ತೀರ್ಮಾನಿಸಬೇಕು.

ಮೊಬೈಲ್ ಆ್ಯಪ್‌ನ ಲಾಕ್. ಎಲ್ಲಿಂದ ಬೇಕಾದರೂ ತೆಗೆಯಬಹುದು. ಮೂರು ಉಪಕೇಂದ್ರಗಳನ್ನು ನೋಡಿಕೊಳ್ಳುವ ಒಬ್ಬ ಫಾದರ್‌ಗೆ ಇದು ನಿಜಕ್ಕೂ ಉಪಯೋಗ. ಇಂಟರ್‌ನೆಟ್ ಇಲ್ಲದಿದ್ದಾಗ ಹೇಗೆ, ವರ್ಷವರ್ಷ ಚಂದಾ ಕಟ್ಟಬೇಕೇ, ಕಂಪನಿ ಆ್ಯಪ್ ನಿಲ್ಲಿಸಿದರೆ ಬೀಗದ ಗತಿ ಏನು ಎಂದು ಕೇಳಿಕೊಳ್ಳಿ. ಅರವತ್ತೈದು ದಾಟಿದ, ಚರ್ಚು ನೋಡಿಕೊಳ್ಳುವ ಮಿರ್ಣ್ಯಾರ್ ಮಾಮನ ಕೈಗೆ ಬೆಳಗಿನ ಜಾವ ಆ್ಯಪ್ ಕೊಟ್ಟು ಬಾಗಿಲು ತೆಗೆಯಿರಿ ಎನ್ನುವುದು ನ್ಯಾಯವಲ್ಲ.

ಬೆರಳಚ್ಚು. ಇದನ್ನು ಚರ್ಚಿಗೆ ಹಾಕಬೇಡಿ. ವಯಸ್ಸಾದವರ, ಮೈಮುರಿದು ದುಡಿಯುವವರ ಬೆರಳಿನ ಗೆರೆ ಸವೆದಿರುತ್ತದೆ. ಹೂವಿನ ನೀರು, ಮೇಣ ತಾಗಿದ ಕೈಯನ್ನೂ ಯಂತ್ರ ಗುರುತಿಸುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸ್ವಯಂಸೇವಕರ ಬೆರಳಚ್ಚು ಸಂಗ್ರಹಿಸಿ ಇಟ್ಟುಕೊಂಡರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪೂರ್ತಿ ಜಾರಿಯಾದಂತೆ ಅದರ ಜವಾಬ್ದಾರಿ ನಿಮ್ಮ ಮೇಲೆ ಬೀಳುತ್ತದೆ. ಕೋಡ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲು ಆಗುತ್ತದೆಯೇ?

ಪರಮಪ್ರಸಾದದ ಪೆಟ್ಟಿಗೆ, ಕಾಣಿಕೆ ಡಬ್ಬಿ

ಇಲ್ಲಿ ಹೋಲಿಕೆಯ ಪ್ರಶ್ನೆಯೇ ಇಲ್ಲ. ಸಂಹಿತೆಯ 938ನೇ ವಿಧಿ ನೇರವಾಗಿ ಹೇಳುತ್ತದೆ: ಪೆಟ್ಟಿಗೆ ಕದಲದಂತೆ ಕೂರಿಸಿರಬೇಕು, ಗಟ್ಟಿಯಾದ, ಒಳಗಿನದು ಕಾಣದ ವಸ್ತುವಿನಿಂದ ಮಾಡಿರಬೇಕು, ಬೀಗ ಹಾಕಿರಬೇಕು, ಅದರ ಕೀಯನ್ನು ಅತ್ಯಂತ ಜೋಪಾನವಾಗಿ ಇಡಬೇಕು. ಆ ಕೀ ಬಲಿಪೀಠದ ಬಟ್ಟೆಯ ಕೆಳಗೆ, ಹೂದಾನಿಯ ಹಿಂದೆ ಇರುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಪೂಜೆಗೆ ಸಹಾಯ ಮಾಡುವ ಎಲ್ಲ ಮಕ್ಕಳಿಗೂ ಆ ಜಾಗ ಗೊತ್ತಿರುತ್ತದೆ. ಬೇರೆ ಏನನ್ನು ಮುಂದೂಡಿದರೂ ಇದನ್ನು ಇವತ್ತೇ ಸರಿ ಮಾಡಿ. ಸ್ಯಾಕ್ರಿಸ್ಟಿಯ ಗೋಡೆಯಲ್ಲಿ ಸಣ್ಣ ಉಕ್ಕಿನ ಪೆಟ್ಟಿಗೆ ಕೂರಿಸಿ, ಕೀ ಅದರೊಳಗೆ ಇರಲಿ. ಕದ್ದವನಿಗೆ ಬೇಕಾದದ್ದು ಬೆಳ್ಳಿಯ ಪಾತ್ರೆ ಇರಬಹುದು. ನಮಗೆ ಹೋಗುವುದು ಅದಕ್ಕಿಂತ ದೊಡ್ಡದು.

ಕಾಣಿಕೆ ಡಬ್ಬಿಗೆ ಎರಡು ಬೀಗ, ಎರಡು ಕೀ, ಇಬ್ಬರ ಕೈಯಲ್ಲಿ. ತಳವನ್ನು ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ದುಬಾರಿ ಡಬ್ಬಿ ಕೊಳ್ಳುವುದಕ್ಕಿಂತ ದಿನಾ ಸಂಜೆ ಖಾಲಿ ಮಾಡುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ. ಡಬ್ಬಿಯ ಪಕ್ಕದ ಯುಪಿಐ ಸ್ಟ್ಯಾಂಡನ್ನೂ ಮರೆಯಬೇಡಿ. ಅದರ ಮೇಲೆ ಬೇರೆಯವರ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ ಹೋದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ದಿನಕ್ಕೊಮ್ಮೆ ಒಬ್ಬರು ಸ್ಕ್ಯಾನ್ ಮಾಡಿ ಚರ್ಚಿನ ಹೆಸರೇ ಬರುತ್ತದೆಯೇ ಎಂದು ನೋಡಬೇಕು.

ಬೀಗ ಹಾಕುವ ಭರದಲ್ಲಿ ದಾರಿ ಮುಚ್ಚಬೇಡಿ

ಹಳೆಯ ಚರ್ಚುಗಳ ತೇಗದ ಬಾಗಿಲುಗಳು ಒಳಕ್ಕೆ ತೆರೆಯುತ್ತವೆ. ಸಾವಿರ ಜನ ಒಮ್ಮೆಲೇ ಹೊರಗೆ ನುಗ್ಗಿದರೆ ಒಳಕ್ಕೆ ತೆರೆಯುವ ಬಾಗಿಲು ಗೋಡೆಯಂತೆಯೇ. ಪೂಜೆ ಶುರುವಾಗುವ ಮೊದಲು ಎಲ್ಲ ಬಾಗಿಲುಗಳನ್ನೂ ಪೂರ್ತಿ ತೆರೆದು, ಕೊಕ್ಕೆ ಹಾಕಿ ನಿಲ್ಲಿಸಬೇಕು. ಪಕ್ಕದ ಬಾಗಿಲಿಗೆ ಸರಪಳಿ ಸುತ್ತಿ ಒಂದೇ ಬಾಗಿಲಲ್ಲಿ ತಪಾಸಣೆ ಮಾಡುವುದು ಕೆಲವರ ಉಪಾಯ. ಇದು ಭದ್ರತೆಯಲ್ಲ, ಅಪಾಯ. ಒಳಗೆ ಬರಲು ಒಂದೆರಡು ಬಾಗಿಲು ಇರಲಿ. ಉಳಿದ ಬಾಗಿಲುಗಳ ಹತ್ತಿರ ಒಬ್ಬ ಸ್ವಯಂಸೇವಕ ನಿಂತು ಒಳಗೆ ಬರುವವರನ್ನು ಮುಂದಿನ ಬಾಗಿಲಿಗೆ ಕಳಿಸಲಿ, ಹೊರಗೆ ಹೋಗುವವರಿಗೆ ಯಾವಾಗಲೂ ದಾರಿ ಬಿಡಲಿ. ಹೊಸದಾಗಿ ಕಟ್ಟುವ ಹಾಲ್‌ಗೆ ಹೊರಕ್ಕೆ ತೆರೆಯುವ ಬಾಗಿಲು, ಅದರ ಅಡ್ಡಕ್ಕೆ ಮೈ ಒತ್ತಿದರೆ ಬಿಡುವ ಪ್ಯಾನಿಕ್ ಬಾರ್ ಹಾಕಿಸಿ.

ನೂರು ವರ್ಷ ದಾಟಿದ ಬಾಗಿಲಿಗೆ ಡ್ರಿಲ್ ಹಾಕಿ ಡಿಜಿಟಲ್ ಲಾಕ್ ಕೂರಿಸಲು ಬಿಡಬೇಡಿ. ಅದರ ಒಳಬದಿಗೆ, ಬಾಗಿಲು ತೆರೆಯುವಷ್ಟು ಜಾಗ ಬಿಟ್ಟು, ಕಬ್ಬಿಣದ ಗ್ರಿಲ್ ಮಾಡಿಸಿ, ಬೀಗ ಗ್ರಿಲ್‌ಗೆ ಹಾಕಿ. ಹಗಲಲ್ಲಿ ಬಾಗಿಲು ತೆರೆದು ಗ್ರಿಲ್ ಮಾತ್ರ ಮುಚ್ಚಿದರೆ ಬಂದವರಿಗೆ ಹೊರಗಿನಿಂದಲೇ ಬಲಿಪೀಠ ಕಾಣುತ್ತದೆ, ನಿಂತು ಪ್ರಾರ್ಥನೆ ಮಾಡಬಹುದು. ಇಡೀ ದಿನ ಕಾಯಲು ಜನ ಇಲ್ಲದ ಸಣ್ಣ ಚರ್ಚುಗಳಿಗೆ ಇದು ಬಹಳ ಒಳ್ಳೆಯ ಏರ್ಪಾಡು.

ಕ್ಯಾಮೆರಾ: ಹಾಕಲೇಬೇಕು, ಆದರೆ ಯಾವುದು?

ಕರ್ನಾಟಕದಲ್ಲಿ ಇದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆಯ ಪ್ರಕಾರ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಸಿಸಿಟಿವಿ ಇರಬೇಕು, 30 ದಿನದ ದೃಶ್ಯ ಉಳಿಸಿಕೊಳ್ಳಬೇಕು. ಪೂಜಾಸ್ಥಳಗಳೂ ಅದರಲ್ಲಿ ಸೇರಿವೆ.

ಈ 30 ದಿನದ ಲೆಕ್ಕದಲ್ಲೇ ಹೆಚ್ಚಿನವರು ಸೋಲುತ್ತಾರೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆಯುತ್ತದೆ ಎಂದುಕೊಳ್ಳಿ. ದಿನಕ್ಕೆ ಸುಮಾರು 21.6 ಜಿಬಿ, 30 ದಿನಕ್ಕೆ 648 ಜಿಬಿ. ಎಂಟು ಕ್ಯಾಮೆರಾಗೆ 5 ಟಿಬಿಗಿಂತ ಜಾಸ್ತಿ. ಡೀಲರ್ ಪ್ಯಾಕೇಜಿನಲ್ಲಿ ಬರುವುದು ಬಹಳ ಸಲ 1 ಟಿಬಿ ಡಿಸ್ಕ್. ಅದರಲ್ಲಿ ಆರು ದಿನವೂ ನಿಲ್ಲುವುದಿಲ್ಲ. ಕಳ್ಳತನ ಆದದ್ದು ಎಂಟು ದಿನದ ನಂತರ ಗೊತ್ತಾದರೆ ತೋರಿಸಲು ಏನೂ ಇರುವುದಿಲ್ಲ. ಎಂಟು ಕ್ಯಾಮೆರಾಗೆ 6 ಟಿಬಿಯ, ಸಿಸಿಟಿವಿಗೆಂದೇ ಮಾಡಿದ ಡಿಸ್ಕ್ ಕೇಳಿ.

ದೃಶ್ಯ ಉಳಿಸಿಡುವ ರೆಕಾರ್ಡರ್‌ನಲ್ಲಿ ಎರಡು ಬಗೆ. ಡಿವಿಆರ್ ಅಗ್ಗ, ಹಳೆಯ ಕೇಬಲ್ ಇದ್ದರೆ ಅದನ್ನೇ ಬಳಸಬಹುದು. ಎನ್‌ವಿಆರ್‌ನಲ್ಲಿ ನೆಟ್‌ವರ್ಕ್ ಕೇಬಲ್ ಒಂದರಲ್ಲೇ ಕರೆಂಟೂ ಚಿತ್ರವೂ ಹೋಗುತ್ತದೆ, ಮುಂದೆ ಕ್ಯಾಮೆರಾ ಸೇರಿಸುವುದು ಸುಲಭ. ಹೊಸದಾಗಿ ಹಾಕುವುದಾದರೆ ಎನ್‌ವಿಆರ್ ಸರಿ. ಸಿಮ್ ಹಾಕುವ ಕ್ಲೌಡ್ ಕ್ಯಾಮೆರಾ ಊರ ಹೊರಗಿನ ಗ್ರೊಟ್ಟೊ, ಸಮಾಧಿ ಭೂಮಿಯಂಥ ಒಂಟಿ ಜಾಗಕ್ಕೆ ಮಾತ್ರ. ಯಾವುದೇ ಆಗಲಿ, ರೆಕಾರ್ಡರ್ ಅನ್ನು ಕಚೇರಿಯ ಮೇಜಿನ ಮೇಲೆ ಇಡಬೇಡಿ. ಬಂದವನು ಅದನ್ನೇ ಎತ್ತಿಕೊಂಡು ಹೋಗುತ್ತಾನೆ.

ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಮಾತು. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಿಡಿಲಿಗೆ ಸುಟ್ಟುಹೋಗುವ ಕ್ಯಾಮೆರಾಗಳೇ ಹೆಚ್ಚು. ಚರ್ಚಿನಿಂದ ಫಾದರ್ ಮನೆಗೆ, ಹಾಲ್‌ಗೆ ತಾಮ್ರದ ಕೇಬಲ್ ಎಳೆದರೆ ಒಂದು ಕಡೆ ಬಿದ್ದ ಸಿಡಿಲು ಎಲ್ಲ ಕಡೆಯದನ್ನೂ ಸುಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಕೇಬಲ್ ಎಳೆಸಿ. ಸರ್ಜ್ ಪ್ರೊಟೆಕ್ಟರ್ ಮತ್ತು ಒಳ್ಳೆಯ ಅರ್ಥಿಂಗ್‌ಗೆ ದುಡ್ಡು ಹಾಕಿ. ಗಂಟೆ ಗೋಪುರದ ತುದಿಗೆ ಕ್ಯಾಮೆರಾ ಬೇಡ. ಉಪ್ಪು ಗಾಳಿಗೆ ಕಬ್ಬಿಣದ ಬ್ರಾಕೆಟ್ ಬಾಳುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಕೇಳಿ.

ಪಾಪನಿವೇದನೆಯ ಜಾಗದ ಕಡೆ ಕ್ಯಾಮೆರಾ ತಿರುಗಿರಬಾರದು, ಮೈಕ್ ಅಂತೂ ಹತ್ತಿರವೂ ಇರಬಾರದು. ಫಾದರ್ ಹತ್ತಿರ ಕಷ್ಟ ಹೇಳಿಕೊಳ್ಳಲು ಬರುವವರು ಕೂರುವ ಕೋಣೆಯಲ್ಲೂ ಬೇಡ. ಅಲ್ಲಿಗೆ ಬಾಗಿಲಲ್ಲೊಂದು ಗಾಜು ಸಾಕು.

ಕಾಯುವವರು ಯಾರು?

2000ದ ಜೂನ್–ಜುಲೈನಲ್ಲಿ ವಾಡಿ, ಹುಬ್ಬಳ್ಳಿ ಮತ್ತು ಬೆಂಗಳೂರಿನ ಜೆ.ಜೆ. ನಗರದ ಚರ್ಚುಗಳಲ್ಲಿ ಬಾಂಬ್ ಸಿಡಿದವು. 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನಲ್ಲಿ ಮತ್ತು ಸುತ್ತಮುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಕರ್ನಾಟಕದ ಕ್ರೈಸ್ತರು ಭದ್ರತೆಯ ಬಗ್ಗೆ ಮಾತಾಡುವಾಗ ಇದೆಲ್ಲ ಮನಸ್ಸಿನಲ್ಲಿ ಇದ್ದೇ ಇರುತ್ತದೆ. 2019ರ ಏಪ್ರಿಲ್ 21ರ ಪಾಸ್ಕ ಭಾನುವಾರ ಶ್ರೀಲಂಕಾದಲ್ಲಿ ಮೂರು ಚರ್ಚುಗಳಲ್ಲಿ ಆತ್ಮಾಹುತಿ ದಾಳಿ ನಡೆದ ಮೇಲೆ ಇಲ್ಲೂ ಬ್ಯಾಗ್ ತಪಾಸಣೆ ಶುರುವಾಯಿತು. ಆ ಮೂರರಲ್ಲಿ ಒಂದಾದ ಮಟ್ಟಕ್ಕಳಪ್ಪಿನ (ಬ್ಯಾಟಿಕಲೋವಾ) ಝಿಯೋನ್ ಚರ್ಚಿನಲ್ಲಿ ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಬಂದ ಅಪರಿಚಿತನನ್ನು ಸಭೆಯವರು ಮಾತಾಡಿಸಿ ಹೊರಗೇ ತಡೆದರು. ಸ್ಫೋಟ ಹೊರಗೆ ಆಯಿತು. ಆಗಲೂ ಮಕ್ಕಳೂ ಸೇರಿ ಅನೇಕರು ತೀರಿಕೊಂಡರು. ಅವನು ಒಳಗೆ ಬಂದಿದ್ದರೆ ಇನ್ನೆಷ್ಟು ಜನ ಹೋಗುತ್ತಿದ್ದರೋ.

ಅವನನ್ನು ಅಲ್ಲಿ ಗುರುತಿಸಿದ್ದು ಆ ಸಭೆಯ ಮುಖಗಳೆಲ್ಲ ಗೊತ್ತಿದ್ದವರು. ಬಾಡಿಗೆ ಸೆಕ್ಯೂರಿಟಿಗೂ ಸ್ವಯಂಸೇವಕರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಏಜೆನ್ಸಿಯ ಗಾರ್ಡ್ ರಾತ್ರಿ ಕಾವಲಿಗೆ, ವಾಹನ ನಿಲ್ಲಿಸುವ ಜಾಗಕ್ಕೆ, ಕೆಲಸದ ದಿನದ ಗೇಟಿಗೆ ಸರಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಲೈಸೆನ್ಸ್ ಇರುವ ಏಜೆನ್ಸಿಯನ್ನೇ ತೆಗೆದುಕೊಳ್ಳಿ. ತಿಂಗಳಿಗೊಬ್ಬ ಹೊಸ ಗಾರ್ಡ್ ಕಳಿಸುವುದಿಲ್ಲ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಅವರಿಗೆ ಕೂರಲು ಜಾಗ, ಶೌಚಾಲಯ, ಕುಡಿಯುವ ನೀರು ಕೊಡುವುದು ನಮ್ಮ ಕರ್ತವ್ಯ.

ಪೂಜೆಯ ಹೊತ್ತಿಗೆ ಮಾತ್ರ ಬಾಗಿಲಲ್ಲಿ ನಮ್ಮವರೇ ನಿಲ್ಲಬೇಕು. ಪ್ರತಿ ಬಾಗಿಲಿಗೆ ಇಬ್ಬರು, ಅವರಲ್ಲಿ ಒಬ್ಬರು ಮಹಿಳೆ. ಕರಾವಳಿಯಲ್ಲಿ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರ, ಅಂದರೆ ಮುಖಂಡರ, ಮೂಲಕ ಸರದಿ ಹಾಕಿದರೆ ಒಂದೊಂದು ವಾಳೆಗೂ ಕೆಲವು ವಾರಕ್ಕೊಮ್ಮೆ ಬರುತ್ತದೆ, ಯಾರಿಗೂ ಭಾರವಾಗುವುದಿಲ್ಲ. ಕಲಿಸಬೇಕಾದದ್ದು ಬಹಳ ಇಲ್ಲ. ಬಂದ ಪ್ರತಿಯೊಬ್ಬರ ಮುಖ ನೋಡಿ ನಮಸ್ಕಾರ ಹೇಳುವುದು. ಗೊತ್ತಿಲ್ಲದವರಾದರೆ "ಎಲ್ಲಿಂದ ಬಂದಿದ್ದೀರಿ, ಒಳಗೆ ಜಾಗ ತೋರಿಸಲೇ?" ಎಂದು ಕೇಳುವುದು. ದೂರದಿಂದ ಬಂದ ಭಕ್ತರಿಗೆ ಇದು ಆದರ, ಕೆಟ್ಟ ಉದ್ದೇಶದಿಂದ ಬಂದವನಿಗೆ ತನ್ನನ್ನು ಯಾರೋ ಗಮನಿಸಿದರು ಎಂಬ ಎಚ್ಚರಿಕೆ. ಬೆಂಚಿನ ಕೆಳಗೆ ಯಾರದ್ದೂ ಅಲ್ಲದ ಚೀಲ ಕಂಡರೆ ಮುಟ್ಟಬಾರದು, ಸುತ್ತಲಿನವರನ್ನು ಎಬ್ಬಿಸಿ ಕಳಿಸಿ 112ಕ್ಕೆ ಫೋನ್ ಮಾಡಬೇಕು.

ಹಬ್ಬದ ದಿನದ ಲೆಕ್ಕವೇ ಬೇರೆ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ತೇರು, ವಿವೇಕನಗರದ ಬಾಲಯೇಸು ದೇವಾಲಯದ ಗುರುವಾರಗಳು, ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆ. ಇಂಥ ಜನಜಂಗುಳಿಗೆ ಎಲ್ಲ ಧರ್ಮದವರೂ ಬರುತ್ತಾರೆ. ಇಲ್ಲಿ ಮುಖ ಗುರುತಿಸುವ ಮಾತೇ ಇಲ್ಲ. ಪೊಲೀಸ್ ಬಂದೋಬಸ್ತ್‌ಗೆ ಮೊದಲೇ ಪತ್ರ ಕೊಟ್ಟು, ಒಳಗೆ ಬರುವ ಮತ್ತು ಹೊರಗೆ ಹೋಗುವ ದಾರಿ ಬೇರೆ ಮಾಡಿ, ಆ್ಯಂಬುಲೆನ್ಸ್‌ಗೆ ಒಂದು ಗೇಟ್ ಖಾಲಿ ಇಡಬೇಕು. ಅಂಥ ದಿನ ಹೆಚ್ಚಾಗಿ ಕಾಡುವುದು ಸರಗಳ್ಳರು, ಕಳೆದುಹೋದ ಮಕ್ಕಳು, ನೂಕುನುಗ್ಗಲು. ಕಾರ್ಡ್ ರೀಡರ್‌ನಿಂದ ಇದಕ್ಕೆ ಪ್ರಯೋಜನವಿಲ್ಲ. ಮೈಕ್ ಇರುವ ಒಂದು ಸಹಾಯ ಮೇಜು ಬೇಕು, ಮಫ್ತಿಯಲ್ಲಿ ಮಹಿಳಾ ಪೊಲೀಸರು ಬೇಕು.

ಮಕ್ಕಳು ಇರುವ ಕೋಣೆಗಳು

ಬೆಳ್ಳಿ ಪಾತ್ರೆಗೆ ತೋರಿಸುವ ಕಾಳಜಿಯನ್ನು ಧರ್ಮೋಪದೇಶದ ಕೋಣೆಗಳಿಗೂ ತೋರಿಸಬೇಕು. ಎಲ್ಲ ತರಗತಿಯ ಬಾಗಿಲಲ್ಲೂ ಒಳಗೆ ಕಾಣುವ ಗಾಜು ಇರಲಿ. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಬೇಡ. ಒಂದು ತರಗತಿಗೆ ಇಬ್ಬರು ದೊಡ್ಡವರು. ತರಗತಿ ನಡೆಯುವಾಗ ಆ ಭಾಗಕ್ಕೆ ಒಂದೇ ಪ್ರವೇಶ, ಅಲ್ಲೊಬ್ಬರು ಪುಸ್ತಕ ಇಟ್ಟುಕೊಂಡು ಕೂರಲಿ. ಸಣ್ಣ ಮಕ್ಕಳನ್ನು ಹೆಸರು ಬರೆಸಿದವರ ಕೈಗೆ ಮಾತ್ರ ಒಪ್ಪಿಸಬೇಕು. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಮಿತಿಯ ಒಳಗೇ ಮುಗಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಈ ಕೋಣೆಗಳಿಗೆ ನಂಬರ್ ಲಾಕ್ ಹಾಕಿ, ಟೀಚರ್‌ಗಳಿಗೆ ಬೇರೆ ಕೋಡ್ ಕೊಡಿ. ಹಾಲ್ ಬಾಡಿಗೆಗೆ ತೆಗೆದುಕೊಂಡವರ ಕೋಡ್ ಇಲ್ಲಿ ನಡೆಯಬಾರದು.

ದುಡ್ಡು ಕಡಿಮೆ ಇದ್ದರೆ ಎಲ್ಲಿಂದ ಶುರು?

ಇನ್ನೂರು ಕುಟುಂಬದ ಹಳ್ಳಿ ಚರ್ಚು ಮತ್ತು ಎರಡು ಸಾವಿರ ಕುಟುಂಬದ ನಗರದ ಚರ್ಚು ಒಂದೇ ಪಟ್ಟಿ ಇಟ್ಟುಕೊಳ್ಳಬೇಕಿಲ್ಲ. ಸಣ್ಣ ಚರ್ಚಿಗೆ ಸ್ಯಾಕ್ರಿಸ್ಟಿಗೆ ಕಾರ್ಡ್ ಇರುವ ಡಿಂಪಲ್ ಕೀ, ಮುಖ್ಯ ಬಾಗಿಲಿಗೆ ಗ್ರಿಲ್, ಅಂಗಳದಲ್ಲಿ ಒಳ್ಳೆಯ ದೀಪ, ಕಾಯ್ದೆಗೆ ತಕ್ಕ ಕ್ಯಾಮೆರಾ, ಇಷ್ಟು ಸಾಕು. ದೀಪವನ್ನು ಮರೆಯುತ್ತಾರೆ. ಕತ್ತಲಲ್ಲಿ ಎಷ್ಟೋ ಕ್ಯಾಮೆರಾಗಳು ಇದ್ದೂ ಇಲ್ಲದ ಹಾಗೆ.

ದಿನಾ ಹಲವು ಗುಂಪು ಬರುವ ಚರ್ಚು ಇದಕ್ಕೆ ಹಾಲ್, ತರಗತಿಗಳ ನಂಬರ್ ಲಾಕ್ ಸೇರಿಸಲಿ, ಬಾಗಿಲ ಸ್ವಯಂಸೇವಕರ ತಂಡ ಕಟ್ಟಲಿ. ಸಂಬಳದ ಸಿಬ್ಬಂದಿ, ಶಾಲೆ, ದೊಡ್ಡ ಕಚೇರಿ ಒಂದೇ ಕಾಂಪೌಂಡಿನಲ್ಲಿದ್ದರೆ ಮಾತ್ರ ಕಾರ್ಡ್ ವ್ಯವಸ್ಥೆಗೆ ಕೈ ಹಾಕಿ. ಅಲ್ಲಿ ಅದನ್ನು ನೋಡಿಕೊಳ್ಳಲು ದಿನಾ ಒಬ್ಬರು ಇರುತ್ತಾರೆ. ನೋಡಿಕೊಳ್ಳುವವರಿಲ್ಲದ ಕಡೆ ಆರು ತಿಂಗಳಲ್ಲಿ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟಿರುತ್ತಾರೆ.

ಡೀಲರ್‌ನಿಂದ ಕೊನೆಯ ಬಿಲ್ ಕಟ್ಟುವ ಮೊದಲು ರೆಕಾರ್ಡರ್‌ನ, ಬೀಗಗಳ ಅಡ್ಮಿನ್ ಪಾಸ್‌ವರ್ಡ್ ಬರೆಸಿಕೊಂಡು, ಅಲ್ಲೇ ಬದಲಿಸಿ. ಕಂಪನಿಯ ಮೂಲ ಪಾಸ್‌ವರ್ಡ್‌ನಲ್ಲೇ ಬಿಟ್ಟರೆ ನಿಮ್ಮ ಚರ್ಚಿನ ಒಳಗನ್ನು ಯಾರು ಬೇಕಾದರೂ ನೋಡಬಹುದು. ಆ ಪಾಸ್‌ವರ್ಡ್‌ಗಳು, ಡಿಂಪಲ್ ಕೀಯ ಕಾರ್ಡ್, ಯಾರ ಹತ್ತಿರ ಯಾವ ಕೀ ಇದೆ ಎಂಬ ಪುಸ್ತಕ, ಮೂರನ್ನೂ ಒಂದು ಮುಚ್ಚಿದ ಲಕೋಟೆಯಲ್ಲಿ ತಿಜೋರಿಯಲ್ಲಿಡಿ. ಫಾದರ್ ವರ್ಗವಾಗಿ ಹೊಸ ಧರ್ಮಗುರುಗಳು ಅಧಿಕಾರ ವಹಿಸಿಕೊಳ್ಳುವ ದಿನ ಬ್ಯಾಂಕ್ ಪುಸ್ತಕ, ದಾಖಲೆ ಪುಸ್ತಕಗಳ ಜೊತೆ ಈ ಲಕೋಟೆಯೂ ಸಹಿ ಹಾಕಿಸಿ ಕೈ ಬದಲಾಗಬೇಕು. ಮರುದಿನವೇ ಎಲ್ಲ ಕೋಡ್ ಬದಲಿಸಿ. ಹೊಸ ಪಾಲನಾ ಮಂಡಳಿ ಬಂದಾಗಲೂ ಹಾಗೆಯೇ ಮಾಡಿ. ಹಳೆಯವರ ಕೀಗಳನ್ನು ಅವರಿಗೆ ಧನ್ಯವಾದ ಹೇಳುವ ಸಭೆಯಲ್ಲೇ ಕೇಳಿ ಪಡೆದುಕೊಳ್ಳಿ. ಆಗ ಯಾರಿಗೂ ಬೇಜಾರಾಗುವುದಿಲ್ಲ.